ಮಾಲ್ಡೀವ್ಸ್ ಆಕಾಶದಲ್ಲಿ ನಮ್ಮೂರ ಹೆಲಿಕಾಪ್ಟರ್

ಕೇಳುಗರೆ, ನಮಸ್ಕಾರ.

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ ಕಡೆ ಇರುವವರಿಗೆ ಧ್ರುವ ಹೆಲಿಕಾಪ್ಟರಿನ ಸದ್ದು ಹೊಸದಲ್ಲ. ಎಚ್‌ಎಎಲ್‌ನವರು ಅದನ್ನು ಅಲ್ಲೇ ತಯಾರಿಸುತ್ತಾರೆ. ಅಂಥ ಎರಡು ಧ್ರುವಗಳನ್ನು ಭಾರತ ಮಾಲ್ಡೀವ್ಸ್‌ಗೆ ಕೊಟ್ಟಿದೆ. ಮೊದಲನೆಯದು ಹೋಗಿದ್ದು 2010ರಲ್ಲಿ. 2020ರಲ್ಲಿ ಒಂದು ಡಾರ್ನಿಯರ್ ವಿಮಾನವೂ ಹೋಯಿತು. ಡಾರ್ನಿಯರ್ ಕಟ್ಟೋದು ಕಾನ್ಪುರದಲ್ಲಿ, ಆದರೆ ಮೂಲ ವಿನ್ಯಾಸ ಜರ್ಮನಿಯದ್ದು. ಧ್ರುವದ ಎಂಜಿನ್ನಿಗೆ ಫ್ರಾನ್ಸಿನ ನಂಟು. ಕೊಡುವವರ ಮನೆಯಲ್ಲೂ ಪೂರ್ತಿ ಸ್ವದೇಶಿ ಅನ್ನೋದು ಅಷ್ಟು ಸುಲಭವಲ್ಲ ನೋಡಿ.

ಅಷ್ಟು ಪುಟ್ಟ ದೇಶಕ್ಕೆ ಇದೆಲ್ಲ ಯಾಕೆ ಅಂತೀರಾ? ಅಲ್ಲಿನ ಜನ ಸುಮಾರು 5 ಲಕ್ಷ, ನಮ್ಮ ಮೈಸೂರಿಗಿಂತ ಕಡಿಮೆ. ದ್ವೀಪಗಳು ಸಾವಿರದ ಮೇಲಿದ್ದರೂ ನೆಲ ಒಟ್ಟು 300 ಚದರ ಕಿಲೋಮೀಟರ್ ಆಸುಪಾಸು. ಆದರೆ ಕಾಯಬೇಕಾದ ಸಮುದ್ರ ಸುಮಾರು 9 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ನಾಲ್ಕೂವರೆ ಪಟ್ಟಿನಷ್ಟು. ಕದ್ದು ಮೀನು ಹಿಡಿಯುವವರನ್ನು ದೋಣಿಯಲ್ಲಿ ಹುಡುಕುತ್ತಾ ಹೋದರೆ ಮುಗಿಯುವ ಕೆಲಸವಲ್ಲ. ಡಾರ್ನಿಯರ್‌ನ ರೆಕ್ಕೆ ಕಿಟಕಿಗಳ ಮೇಲಿರುತ್ತದೆ. ಪಕ್ಕದಲ್ಲಿ ಕೂತವರಿಗೆ ಕೆಳಗಿನ ನೀರು ಅಡ್ಡಿಯಿಲ್ಲದೆ ಕಾಣುತ್ತದೆ. ಹೊಟ್ಟೆಯ ಕೆಳಗೆ ರೇಡಾರ್. ಪುಟ್ಟ ರನ್‌ವೇ ಇದ್ದರೂ ಸಾಕು.

ಆದರೆ ವಿಮಾನ ಬಂದರೆ ಸಾಲದು, ಅಲ್ವಾ? ಹಾರಿಸುವವರು ಬೇಕು, ನಟ್ಟು ಬೋಲ್ಟು ನೋಡುವವರು ಬೇಕು. ಅದಕ್ಕೆ ಭಾರತದ ಸೈನಿಕರೂ ಅಲ್ಲೇ ಉಳಿದರು, ಎಂಬತ್ತರ ಹತ್ತಿರ ಜನ. ಜಗಳ ಹತ್ತಿದ್ದು ಅಲ್ಲೇ. 2023ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಮೊಹಮ್ಮದ್ ಮುಯಿಝು, ಪರದೇಶದ ಸೈನಿಕರು ಹೊರಡಬೇಕು ಅಂತ ಪಟ್ಟು ಹಿಡಿದರು. ತಮ್ಮ ನೆಲದಲ್ಲಿ ಬೇರೆಯವರ ಸಮವಸ್ತ್ರ ಬೇಡ ಅನ್ನೋದು ನನಗಂತೂ ತಪ್ಪಾಗಿ ಕಾಣುವುದಿಲ್ಲ. 2024ರ ಮೇ 10ರೊಳಗೆ ಎಲ್ಲರೂ ವಾಪಸಾದರು. ಆಮೇಲೆ ಅಲ್ಲಿನ ರಕ್ಷಣಾ ಸಚಿವ ಘಸ್ಸಾನ್ ಮೌಮೂನ್ ಸುಮ್ನೆ ಸುತ್ತಿ ಬಳಸದೆ ಒಪ್ಪಿಕೊಂಡರು: ಈ ಮೂರನ್ನೂ ಹಾರಿಸಬಲ್ಲವರು ನಮ್ಮ ಸೇನೆಯಲ್ಲಿ ಸದ್ಯಕ್ಕಿಲ್ಲ. ಅದಕ್ಕೇ ಸೈನಿಕರ ಜಾಗಕ್ಕೆ ಅಷ್ಟರಲ್ಲಾಗಲೇ ಭಾರತದ್ದೇ ಸಿವಿಲ್ ಸಿಬ್ಬಂದಿ ಬಂದಿದ್ದರು. ಸಮವಸ್ತ್ರ ಹೋಯಿತು, ಸ್ಪ್ಯಾನರ್ ಉಳಿಯಿತು.

ಅದೇ ವರ್ಷ ಮಾಲ್ಡೀವ್ಸ್ ಟರ್ಕಿಯಿಂದ ಡ್ರೋನ್‌ಗಳನ್ನೂ ತರಿಸಿಕೊಂಡಿತು. ಸಮುದ್ರ ನೋಡೋಕೆ ಅವು ಸಾಕು. ಆದರೆ ಈ ಹೆಲಿಕಾಪ್ಟರ್, ಡಾರ್ನಿಯರ್ ಮಾಡುತ್ತಿದ್ದ ಇನ್ನೊಂದು ಕೆಲಸವಿದೆ. ದೂರದ ದ್ವೀಪದಲ್ಲಿ ನಡುರಾತ್ರಿ ಯಾರಿಗೋ ಎದೆನೋವು ಬಂದರೆ, ಸ್ಟ್ರೆಚರ್ ಏರಿಸಿಕೊಂಡು ಆಸ್ಪತ್ರೆ ಇರುವ ಕಡೆಗೆ ಹಾರೋದು. ಡ್ರೋನ್‌ನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ.