ಕೋಲ್ಕತ್ತದಲ್ಲಿ ಒಂದು ಸೋಮವಾರ

ಎಲ್ಲರಿಗೂ ನಮಸ್ಕಾರ. ಎರಡೂವರೆ ದಿನದಲ್ಲಿ ಕೋಲ್ಕತ್ತ ನೋಡಿ ಬಂದವನನ್ನು ಕರೆದು ಆ ಊರಿನ ಬಗ್ಗೆ ಮಾತಾಡಿ ಅಂದಿದ್ದೀರಿ. ನಿಮ್ಮ ಧೈರ್ಯ ಮೆಚ್ಚಬೇಕು. ನಾನು ಮಾಡಿದ ತಪ್ಪಿನಿಂದಲೇ ಶುರುಮಾಡುತ್ತೇನೆ.

ನಾವು ಹೋದದ್ದು ಜನವರಿಯಲ್ಲಿ. ಭಾನುವಾರ ರಾತ್ರಿ ಇಳಿದೆವು. ಸೋಮವಾರ ವಿಕ್ಟೋರಿಯಾ ಮೆಮೋರಿಯಲ್, ಇಂಡಿಯನ್ ಮ್ಯೂಸಿಯಂ, ರವೀಂದ್ರನಾಥ ಠಾಕೂರರು ಹುಟ್ಟಿದ ಜೋಡಾಸಾಂಕೋ ಮನೆ, ಮಾರ್ಬಲ್ ಪ್ಯಾಲೇಸ್, ನಾಲ್ಕನ್ನೂ ಮುಗಿಸುವುದು ಅಂತ ಗಂಟೆ ಸಮೇತ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಗೊತ್ತಾಯಿತು, ಸೋಮವಾರ ನಾಲ್ಕಕ್ಕೂ ರಜೆ. ವಿಕ್ಟೋರಿಯಾದ ತೋಟ ಮಾತ್ರ ತೆರೆದಿರುತ್ತದೆ. ಮಾರ್ಬಲ್ ಪ್ಯಾಲೇಸಿಗೆ ಗುರುವಾರವೂ ರಜೆ, ಮೊದಲೇ ಅನುಮತಿ ಚೀಟಿ ಬೇರೆ ಮಾಡಿಸಿಕೊಂಡಿರಬೇಕು. ನಮ್ಮನೆಯವರು ಹಾಳೆ ನೋಡಿದರು, ನನ್ನ ಮುಖ ನೋಡಿದರು. "ಊಟಕ್ಕೂ ರಜಾನಾ?" ಅಂದರು.

ಊಟಕ್ಕೆ ರಜೆ ಇರಲಿಲ್ಲ. ಹಾಗಾಗಿ ಆ ದಿನವೆಲ್ಲ ನಡೆದೆವು, ತಿಂದೆವು. ಸಂಜೆ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಈ ಊರಿಗೆ ಯಾರ್ಯಾರು ಬಂದರು, ಯಾರನ್ನು ಹಿಡಿದು ತಂದರು ಅನ್ನೋದನ್ನು ಕಟ್ಟಡ ಎಷ್ಟು ಹೇಳುತ್ತದೋ ತಟ್ಟೆಯೂ ಅಷ್ಟೇ ಹೇಳುತ್ತದೆ.

ಮೊದಲು ಹೋದದ್ದು ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆಗೆ. ಹೌರಾ ಸೇತುವೆಯ ಬುಡದಲ್ಲೇ ಇದೆ. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮೊಳದ ಲೆಕ್ಕ, ಅಲ್ವಾ? ಅಲ್ಲಿ ಚೆಂಡುಹೂವಿನ ಸರಗಳನ್ನು ಹಗ್ಗದ ಹಾಗೆ ಸುತ್ತಿ, ತಲೆ ಮೇಲೆ ಹೊತ್ತುಕೊಂಡು ಓಡುತ್ತಾರೆ. ದಾರಿ ಬಿಡದಿದ್ದರೆ ನಾವೇ ಹೂವಿನಲ್ಲಿ ಮುಳುಗಬೇಕು. ಮಣ್ಣಿನ ಪುಟ್ಟ ಲೋಟದಲ್ಲಿ ಚಹಾ ಹಿಡಿದು ಮೇಲೆ ನೋಡಿದರೆ ಸೇತುವೆ. ಸುಮಾರು 26,500 ಟನ್ ಉಕ್ಕು. 1943ರಲ್ಲಿ, ಮಹಾಯುದ್ಧದ ನಡುವೆ ತೆರೆದದ್ದು. ನಟ್ಟು ಬೋಲ್ಟು ಇಲ್ಲ, ಎಲ್ಲ ರಿವೆಟ್ ಹೊಡೆದೇ ಕೂಡಿಸಿದ್ದಾರೆ. ಇಷ್ಟು ಸಾಕು, ಸೇತುವೆ ಬಗ್ಗೆ ಎಲ್ಲರೂ ಹೇಳುತ್ತಾರೆ.

ಮೈಸೂರಿನವರಾದ ನಾವು ನೋಡಲೇಬೇಕಾದ ಜಾಗ ಧರ್ಮತಲಾದ ಮೂಲೆಯಲ್ಲಿದೆ. ಟಿಪ್ಪು ಸುಲ್ತಾನ್ ಮಸೀದಿ. ಸುತ್ತ ಅಂಗಡಿ, ಬಸ್ಸು, ಗದ್ದಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರು ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದರು. ಟಿಪ್ಪುವಿನ ಮಕ್ಕಳು ದಕ್ಷಿಣದಲ್ಲಿದ್ದರೆ ಅಪಾಯ ಅಂತ ಈಸ್ಟ್ ಇಂಡಿಯಾ ಕಂಪನಿಯವರು ಅವರನ್ನು ಕಲ್ಕತ್ತೆಗೆ ಸಾಗಿಸಿದರು. ಕಿರಿಯ ಮಗ ಗುಲಾಮ್ ಮಹಮ್ಮದ್ 1842ರಲ್ಲಿ ಈ ಮಸೀದಿ ಕಟ್ಟಿಸಿದ. ಯಾಕೆ ಕಟ್ಟಿಸಿದ ಅಂತ ಕಲ್ಲಿನ ಮೇಲೆ ಬರೆಸಿಯೂ ಇದ್ದಾನೆ. ಒಂದು, ದೇವರಿಗೆ ಕೃತಜ್ಞತೆ. ಇನ್ನೊಂದು, ಕಂಪನಿಯವರು ಬಾಕಿ ಉಳಿಸಿಕೊಂಡಿದ್ದ ಪಿಂಚಣಿ 1840ರಲ್ಲಿ ಮಂಜೂರಾದ ನೆನಪು. ಇಲ್ಲಿ ಕೂತಿರುವ ನಿವೃತ್ತರಿಗೆ ಅರಿಯರ್ಸ್ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಗು ಬಂತು, ಆಮೇಲೆ ಸಂಕಟವೂ ಆಯಿತು. ಇಲ್ಲಿಂದ ಅರ್ಧ ಗಂಟೆ ದಾರಿಯ ಅರಮನೆಯಲ್ಲಿ ಬೆಳೆಯಬೇಕಿದ್ದ ಹುಡುಗ, ಅಷ್ಟು ದೂರದಲ್ಲಿ ಕೂತು ಪಿಂಚಣಿಗೆ ಕಾದಿದ್ದಾನೆ.

ಇಂಥದ್ದೇ ಇನ್ನೊಬ್ಬ ದೊರೆ ಅವಧ್‌ನ ವಾಜಿದ್ ಅಲಿ ಷಾ. ಕಂಪನಿ 1856ರಲ್ಲಿ ಲಖನೌ ಕಿತ್ತುಕೊಂಡಿತು. ಆತ ಕಲ್ಕತ್ತೆಗೆ ಬಂದು, ನದಿ ದಂಡೆಯ ಮಟಿಯಾಬುರ್ಜ್‌ನಲ್ಲಿ ಉಳಿದ. ಬಾಣಸಿಗರೂ ಜೊತೆಗೆ ಬಂದರು. ಕೋಲ್ಕತ್ತದ ಬಿರಿಯಾನಿ ಅಲ್ಲಿಂದ ಬಂದದ್ದು. ಅದರಲ್ಲಿ ಮಾಂಸದ ಜೊತೆ ಒಂದು ದೊಡ್ಡ ಆಲೂಗಡ್ಡೆ ಇರುತ್ತದೆ. ದುಡ್ಡು ಸಾಲದೆ ಮಾಂಸದ ಬದಲು ಆಲೂಗಡ್ಡೆ ಹಾಕಿದರು ಅಂತ ಒಂದು ಕತೆ. ಆಲೂಗಡ್ಡೆ ಆಗ ಹೊಸದು, ದುಬಾರಿ, ನವಾಬನಿಗೆ ಇಷ್ಟ ಅಂತ ಹಾಕಿದರು ಅನ್ನೋದು ಇನ್ನೊಂದು. ಮಸಾಲೆಯನ್ನೆಲ್ಲ ಹೀರಿಕೊಂಡು ಮೆತ್ತಗಾಗಿದ್ದ ಆ ಆಲೂಗಡ್ಡೆ ತಿಂದ ಮೇಲೆ ನನಗೆ ಎರಡನೆಯ ಕತೆಯೇ ಸರಿ ಅನ್ನಿಸಿತು. ಬಡತನಕ್ಕೆ ಹಾಕಿದ್ದು ಅಷ್ಟು ರುಚಿ ಇರುವುದಿಲ್ಲ.

ಈಗ ಸಸ್ಯಾಹಾರಿಗಳ ಪ್ರಶ್ನೆ. ಬಂಗಾಳಕ್ಕೆ ಹೋದರೆ ಉಪವಾಸವೇ ಗತಿ ಅಂತ ಎಲ್ಲರೂ ಹೆದರಿಸಿದ್ದರು. ನಮ್ಮನೆಯವರು ಈರುಳ್ಳಿಯನ್ನೂ ಅಷ್ಟಕ್ಕಷ್ಟೇ ತಿನ್ನುವವರು. ಅವರನ್ನು ಕರೆದುಕೊಂಡು ಒಂದು ಪೈಸ್ ಹೋಟೆಲಿಗೆ ಹೋದೆ. ರೂಪಾಯಿಗೆ 64 ಪೈಸೆ ಇದ್ದ ಕಾಲದ ಹೆಸರು ಅದು. ಪೈಸೆ ಲೆಕ್ಕದಲ್ಲಿ ಊಟ ಸಿಗುತ್ತಿದ್ದ ಜಾಗ. ಕೆಲವು ಈಗಲೂ ಇವೆ. ನಮ್ಮ ಮೆಸ್ಸಿನ ಹಾಗೆ ಕೂತ ತಕ್ಷಣ ಎಲ್ಲ ಬಡಿಸಿಬಿಡುವುದಿಲ್ಲ. ಚಿಕ್ಕ ಚಿಕ್ಕ ಬಟ್ಟಲು, ಒಂದೊಂದಕ್ಕೂ ಬೇರೆ ರೇಟು. ಬಾಳೆಎಲೆಗೂ ದುಡ್ಡು, ನಿಂಬೆಹಣ್ಣಿನ ಹೋಳಿಗೂ ದುಡ್ಡು. ಕೊನೆಗೆ ಬಡಿಸಿದವನೇ ಒಂದುಸಿರಿನಲ್ಲಿ ಒಪ್ಪಿಸಿ ಮೊತ್ತ ಹೇಳುತ್ತಾನೆ.

ನಮ್ಮನೆಯವರು ಅಭ್ಯಾಸದಂತೆ ಅನ್ನದ ಮೇಲೆ ಬೇಳೆ ಸುರಿದುಕೊಳ್ಳಲು ಹೊರಟರು. ಬಡಿಸುವವರು ಕೈ ಅಡ್ಡ ಹಿಡಿದರು. "ಆಗೇ ತೇತೋ, ದೀದಿ." ಮೊದಲು ಕಹಿ! ಅಲ್ಲಿ ಊಟಕ್ಕೆ ಕ್ರಮವಿದೆ. ಮೊದಲು ಶುಕ್ತೋ. ಹಾಗಲಕಾಯಿ, ನುಗ್ಗೆಕಾಯಿ, ಬಾಳೆಕಾಯಿ, ಬದನೆ, ಜೊತೆಗೆ ಬೇಳೆ ರುಬ್ಬಿ ಒಣಗಿಸಿದ, ನಮ್ಮ ಸಂಡಿಗೆಯಂಥ ಬೋಡಿ. ಎಲ್ಲಕ್ಕೂ ಸಾಸಿವೆ ಅರೆದು ಹಾಕಿ, ಸ್ವಲ್ಪ ಹಾಲು ಬಿಟ್ಟಿರುತ್ತಾರೆ. ಆಮೇಲೆ ಬೇಳೆ, ಪಲ್ಯ, ಮೀನು, ಮಾಂಸ, ಚಟ್ನಿ, ಸಿಹಿ. ಒಂದು ಮುಗಿದ ಮೇಲೆ ಇನ್ನೊಂದು. ಕಲಸಿಕೊಂಡು ತಿನ್ನುವ ನಮಗೆ ಇದು ಸ್ವಲ್ಪ ಕಷ್ಟವೇ. ಅವರ ಚಟ್ನಿಯೂ ಟೊಮ್ಯಾಟೊ ಖರ್ಜೂರ ಹಾಕಿದ ಸಿಹಿ ಚಟ್ನಿ, ಖಾರ ನಿರೀಕ್ಷಿಸಬೇಡಿ.

ಮುಂದೆ ಬಂದದ್ದು ಬಾಳೆಹೂವಿನ ಮೋಚಾರ್ ಘಂಟೋ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಇಲ್ಲ. ಇಷ್ಟು ಒಳ್ಳೆಯ ನಿರಾಮಿಷ ಅಡುಗೆ ಈ ಮೀನಿನ ನಾಡಿಗೆ ಎಲ್ಲಿಂದ ಬಂತು? ಬಹುಪಾಲು ವಿಧವೆಯರಿಂದ. ಮೇಲುಜಾತಿಯ ಮನೆಗಳಲ್ಲಿ ಗಂಡ ಸತ್ತ ಹೆಣ್ಣುಮಕ್ಕಳಿಗೆ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಮಸೂರ್ ಬೇಳೆ ಕೂಡ ಇಲ್ಲ. ಎಂಟು ಹತ್ತು ವರ್ಷಕ್ಕೇ ವಿಧವೆಯಾದ ಹುಡುಗಿಯರೂ ಇದ್ದರು. ಎಲ್ಲ ಕಿತ್ತುಕೊಂಡ ಮೇಲೆ ಉಳಿದ ಸಿಪ್ಪೆ, ದಂಟು, ಹೂವುಗಳಲ್ಲಿ ಅವರು ಅಡುಗೆ ಮಾಡಿದರು. ಬಾಳೆಹೂವು ಬಿಡಿಸಿದವರಿಗೆ ಗೊತ್ತು, ಒಂದೊಂದು ಎಸಳಿನ ಒಳಗಿನ ಗಟ್ಟಿ ಕಡ್ಡಿ ಕೀಳುವಷ್ಟರಲ್ಲಿ ಬೆರಳೆಲ್ಲ ಕಪ್ಪಾಗಿರುತ್ತದೆ. ನಮ್ಮನೆಯವರು ಎರಡನೇ ಬಟ್ಟಲು ಕೇಳಿದರು. ಈ ಕತೆ ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಆಲೂ ಪೋಸ್ತೋ. ಪೋಸ್ತೋ ಅಂದರೆ ಗಸಗಸೆ. ನಮ್ಮಲ್ಲಿ ಗಸಗಸೆ ಅಂದರೆ ಹಬ್ಬದ ಪಾಯಸ, ಆಮೇಲೆ ಮಧ್ಯಾಹ್ನದ ನಿದ್ದೆ. ಅವರು ಅದನ್ನು ನುಣ್ಣಗೆ ಅರೆದು ಆಲೂಗಡ್ಡೆಗೆ ಹಚ್ಚುತ್ತಾರೆ. ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ, ಅಷ್ಟೇ. ಕಂಪನಿ ಕಾಲದಲ್ಲಿ ಬಂಗಾಳ, ಬಿಹಾರದ ಕಡೆ ಅಫೀಮಿಗಾಗಿ ಗಸಗಸೆ ಗಿಡ ಬೆಳೆಸಿದರು. ಕಾಯಿಯ ಹಾಲು ಕಂಪನಿಗೆ ಹೋಯಿತು. ಉಳಿದ ಬೀಜ ರೈತರ ಮನೆ ಒರಳಿಗೆ ಬಂತು ಅಂತ ಹೇಳುತ್ತಾರೆ. ಈಗ ಅದರ ಬೆಲೆ ಕೇಳಿದರೆ ನಿದ್ದೆ ಹಾರಿಹೋಗುತ್ತದೆ.

ಸಿಹಿ ಬಗ್ಗೆ ಹೇಳದೆ ಇಳಿದರೆ ನೀವು ಬಿಡುವುದಿಲ್ಲ. ರಸಗುಲ್ಲ ನಮ್ಮದು ಅಂತ ಬಂಗಾಳಕ್ಕೂ ಒಡಿಶಾಕ್ಕೂ ಜಗಳ ಇತ್ತು. 2017ರಲ್ಲಿ ಬಂಗಾಳದ ರಸಗುಲ್ಲಕ್ಕೆ ಜಿಐ, ಅಂದರೆ ಇದು ಈ ಊರಿನದು ಅನ್ನುವ ಭೌಗೋಳಿಕ ಗುರುತು ಸಿಕ್ಕಿತು, 2019ರಲ್ಲಿ ಒಡಿಶಾದ್ದಕ್ಕೂ ಸಿಕ್ಕಿತು. ನನ್ನ ಕೇಳಿದರೆ ಇಬ್ಬರದ್ದೂ ಬಿಡಿ, ಚಳಿಗಾಲದಲ್ಲಿ ಹೋಗಿ ನೋಲೇನ್ ಗುಡ ಅನ್ನುವ ಬೆಲ್ಲ ಹಾಕಿದ ಸಂದೇಶ್ ತಿನ್ನಿ, ಹಾಲೊಡೆಸಿ ಮಾಡುವ ಸಿಹಿ. ಈಚಲ ಜಾತಿಯ ಖರ್ಜೂರದ ಮರಕ್ಕೆ ಸಂಜೆ ಮಡಕೆ ಕಟ್ಟಿ, ಬಿಸಿಲೇರುವ ಮೊದಲು ರಸ ಇಳಿಸಿ ಕಾಯಿಸಿದ ಬೆಲ್ಲ ಅದು. ಚಳಿ ಹೋಯಿತೆಂದರೆ ಬೆಲ್ಲವೂ ಹೋಯಿತು. ಬಾಯಲ್ಲಿಟ್ಟರೆ ಸ್ವಲ್ಪ ಹೊಗೆಯ ವಾಸನೆ ಬರುತ್ತದೆ, ಅದೇ ಚೆಂದ.

ಮಂಗಳವಾರ ವಿಕ್ಟೋರಿಯಾ ನೋಡಿದೆವು. 1921ರಲ್ಲಿ ತೆರೆದದ್ದು, ಮಕ್ರಾನಾ ಅಮೃತಶಿಲೆ. ಚೆನ್ನಾಗಿದೆ. ಆದರೆ ನಮ್ಮನೆಯವರು ಗಡಿಯಾರ ನೋಡುತ್ತಿದ್ದರು. ಊಟದ ಹೊತ್ತಾಗಿತ್ತು.

ಬರುವಾಗ ಆ ಬೆಲ್ಲದ ಅಚ್ಚು ಒಂದು ಕಿಲೋ ತಂದೆವು. ಮುಂದಿನ ಹಬ್ಬಕ್ಕೆ ಗಸಗಸೆ ಪಾಯಸಕ್ಕೆ ನಮ್ಮ ಬೆಲ್ಲದ ಬದಲು ಅದನ್ನೇ ಹಾಕಿದರು. ಹೇಗಿತ್ತು ಅಂತ ನಾನು ಹೇಳುವುದಿಲ್ಲ. ಅವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಅವರನ್ನೇ ಕೇಳಿ.