ಮೊದಲು ಪತ್ರ, ಆಮೇಲೆ ಡ್ರಿಲ್

ಕೇಳುಗರೆಲ್ಲರಿಗೂ ನಮಸ್ಕಾರ.

ವರ್ಗವಾಗಿ ಊರಿಗೆ ಬಂದವರು ಬಾಡಿಗೆ ಮನೆ ಹಿಡಿದ ಮೊದಲ ವಾರದಲ್ಲಿ ಮೂರು ಕೆಲಸ ಮಾಡುತ್ತಾರೆ. ಗ್ಯಾಸ್ ಸಂಪರ್ಕ, ಮಕ್ಕಳ ಶಾಲೆ, ಟಿವಿಯ ಡಿಶ್. ಮೊದಲೆರಡಕ್ಕೆ ಅರ್ಜಿ ಬರೆಯುತ್ತಾರೆ, ಸಹಿ ಹಾಕುತ್ತಾರೆ, ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ಮೂರನೆಯದಕ್ಕೆ ಮಾತ್ರ ಒಂದು ಫೋನು, ಅಷ್ಟೆ. ಸಂಜೆಯೊಳಗೆ ಹುಡುಗನೊಬ್ಬ ಡ್ರಿಲ್ ಮಷಿನ್ ಹಿಡಿದು ತಾರಸಿ ಹತ್ತಿರುತ್ತಾನೆ.

ನಾನು ಕಾರವಾರದಲ್ಲಿ ವಕೀಲಿ ಮಾಡುವವನು. ಅಪಾರ್ಟ್‌ಮೆಂಟು, ಬಾಡಿಗೆ, ಅಡ್ವಾನ್ಸು, ಇವುಗಳ ತಕರಾರು ದಿನವೂ ನನ್ನ ಮೇಜಿಗೆ ಬರುತ್ತವೆ. ಇವತ್ತು ನಾನು ಹೇಳುವುದು ಒಂದೇ ಮಾತು. ಮೊದಲು ಪತ್ರ, ಆಮೇಲೆ ಡ್ರಿಲ್. ಕೈಗಾಕ್ಕೆ, ನೌಕಾನೆಲೆಗೆ, ಬ್ಯಾಂಕಿಗೆ, ಶಾಲೆಗೆ ಕೆಲಸಕ್ಕೆಂದು ಬಂದು ಬಾಡಿಗೆ ಮನೆಯಲ್ಲಿರುವವರು ದಯವಿಟ್ಟು ಕಿವಿಗೊಟ್ಟು ಕೇಳಿ.

ತಾರಸಿ ಯಾರದ್ದು? ಈ ಪ್ರಶ್ನೆ ಕೇಳಿದರೆ ಕೆಲವರು ಮೇಲಿನ ಮಹಡಿಯವರದ್ದು ಎನ್ನುತ್ತಾರೆ. ಕೆಲವರು ಬಿಲ್ಡರ್‌ನದ್ದು ಎನ್ನುತ್ತಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಬೇರೆಯೇ ಹೇಳುತ್ತದೆ. ಆ ಕಾಯ್ದೆಯಡಿ ನೋಂದಾಯಿಸಿದ ಕಟ್ಟಡದಲ್ಲಿ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ, ಮೆಟ್ಟಿಲು ಎಲ್ಲವೂ ಎಲ್ಲರಿಗೂ ಸೇರಿದ ಜಾಗ. ಅದನ್ನು ತುಂಡು ಮಾಡಿ ಹಂಚುವಂತಿಲ್ಲ. ಪ್ರತಿಯೊಬ್ಬ ಮಾಲೀಕನೂ ಬಳಸಬಹುದು, ಆದರೆ ಉಳಿದವರ ಹಕ್ಕಿಗೆ ಅಡ್ಡಿಯಾಗದಂತೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನಂತೂ ಉಳಿದ ಎಲ್ಲ ಮಾಲೀಕರೂ ಒಪ್ಪದೆ ಮಾಡುವ ಹಾಗೇ ಇಲ್ಲ.

ಗಮನಿಸಿ, ಮುಖ್ಯ ಗೋಡೆಯೂ ಆ ಪಟ್ಟಿಯಲ್ಲಿದೆ. "ತಾರಸಿಗೆ ಹೋಗಲೇ ಇಲ್ಲ ಸಾರ್, ಕಿಟಕಿ ಪಕ್ಕದ ಹೊರಗೋಡೆಗೆ ಹೊಡೆಸಿದ್ದೇನೆ" ಎಂದು ಬರುವವರು ಬಹಳ. ಆ ಗೋಡೆಯೂ ಎಲ್ಲರದ್ದೇ.

ಹಾಗಾದರೆ ಬಾಡಿಗೆದಾರನಿಗೆ ಎಷ್ಟು ಹಕ್ಕು? ಓನರ್‌ಗೆ ಇರುವುದಕ್ಕಿಂತ ಜಾಸ್ತಿ ಇಲ್ಲ. ಒಬ್ಬ ಓನರ್ ಒಬ್ಬನೇ ನಿಂತು ಇಡೀ ತಾರಸಿಗೆ ಅನುಮತಿ ಕೊಡಲಾರ. ಅದಕ್ಕೇ ಎರಡು ಒಪ್ಪಿಗೆ ಬೇಕು. ಒಂದು ಓನರ್‌ನದ್ದು, ಇನ್ನೊಂದು ಅಸೋಸಿಯೇಶನ್ನಿನದ್ದು, ಅಂದರೆ ಕಟ್ಟಡದ ಮಾಲೀಕರ ಸಂಘದ್ದು. ಎರಡೂ ಕಾಗದದ ಮೇಲೆ ಇರಬೇಕು. ಫೋನಿನಲ್ಲಿ "ಹೂಂ, ಹಾಕಿಕೊಳ್ಳಿ" ಎಂದದ್ದು ಮುಂದೆ ಯಾರಿಗೂ ನೆನಪಿರುವುದಿಲ್ಲ.

ಇಲ್ಲಿ ಒಂದು ಪ್ರಕರಣ ಹೇಳಲೇಬೇಕು. ಹೆಸರು ಬೇಡ, ಕಟ್ಟಡದ ಗುರುತೂ ಬೇಡ. ಕಾರವಾರದ್ದೇ. ಮೂರು ಮಹಡಿಯ ಕಟ್ಟಡ. ಮೊದಲ ಮಹಡಿಯ ಮನೆಯ ಓನರ್ ಇರುವುದು ಮುಂಬೈಯಲ್ಲಿ. ಅಲ್ಲಿಗೆ ಬಾಡಿಗೆಗೆ ಬಂದವರು ಉತ್ತರ ಕರ್ನಾಟಕದ ಕಡೆಯ ಒಬ್ಬ ಬ್ಯಾಂಕ್ ನೌಕರರು, ಸಣ್ಣ ವಯಸ್ಸು. ಮನೆಯಲ್ಲಿ ಹೆಂಡತಿ, ಮಗು, ಅತ್ತೆ. ಮೂರನೆಯ ಮಹಡಿಯಲ್ಲಿ ನಿವೃತ್ತ ಅಕ್ಕೋರು ಒಬ್ಬರೇ ಇದ್ದರು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಪಿಎಫ್ ಹಣದಲ್ಲಿ ಆ ಮನೆ ತೆಗೆದುಕೊಂಡಿದ್ದರು.

ಏಪ್ರಿಲ್ ತಿಂಗಳು. ಆ ಬ್ಯಾಂಕಿನ ಹುಡುಗ ಓನರ್‌ಗೆ ಫೋನ್ ಮಾಡಿ ಕೇಳಿದ, ಅವರು ಹೂಂ ಎಂದರು. ಭಾನುವಾರ ಡಿಶ್‌ನವನು ಬಂದ. ವಾಚ್‌ಮನ್ ತಾರಸಿಯ ಕೀಲಿ ಕೊಟ್ಟ. ಪ್ಯಾರಾಪೆಟ್ ಗೋಡೆಗೆ ಹೊಡೆದರೆ ಇಟ್ಟಿಗೆ ಒಡೆಯುತ್ತದೆ ಎಂದು ಡಿಶ್‌ನವನು ನೆಲಕ್ಕೇ, ಅಂದರೆ ಸ್ಲಾಬಿಗೇ, ನಾಲ್ಕು ತೂತು ಕೊರೆದು ಬೋಲ್ಟ್ ಬಿಗಿದ. ಅರ್ಧ ಗಂಟೆಯ ಕೆಲಸ. ಟಿವಿ ಬಂತು. ಎಲ್ಲರಿಗೂ ಖುಷಿ.

ಜೂನ್ ಬಂತು. ನಮ್ಮ ಊರಿನ ಮಳೆ ನಿಮಗೆ ಗೊತ್ತಲ್ವಾ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದು. ಅಕ್ಕೋರ ಮಲಗುವ ಕೋಣೆಯ ಮೇಲೆ ಒಂದು ಒದ್ದೆ ಕಲೆ ಕಾಣಿಸಿತು. ಜುಲೈ ಹೊತ್ತಿಗೆ ಹನಿ ಬೀಳತೊಡಗಿತು. ಮಂಚ ಸರಿಸಿದರು, ಕೆಳಗೆ ಬಕೆಟ್ ಇಟ್ಟರು. ಒಂದು ರಾತ್ರಿ ಗಿಲಾಯಿ ಕಿತ್ತು ಮಂಚದ ಪಕ್ಕಕ್ಕೇ ಬಿತ್ತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ.

ಅಸೋಸಿಯೇಶನ್ನಿನವರು ಹಳೆಯ ವಾಟರ್‌ಪ್ರೂಫಿಂಗ್ ಹೋಗಿದೆ ಎಂದುಕೊಂಡರು. ಅಕ್ಕೋರ ಕೋಣೆಯ ನೇರ ಮೇಲೆ ಡಾಂಬರು ಹಚ್ಚಿಸಿದರು. ಸೋರುವುದು ನಿಲ್ಲಲಿಲ್ಲ. ಯಾಕೆ? ಸ್ಲಾಬಿನೊಳಗೆ ಇಳಿದ ನೀರು ನೇರ ಕೆಳಗೇ ಬೀಳಬೇಕೆಂದಿಲ್ಲ. ಎಲ್ಲಿ ಬಿರುಕು ಸಿಗುತ್ತದೋ ಅಲ್ಲಿ ಹರಿದು, ದೂರದಲ್ಲಿ ಎಲ್ಲೋ ಇಳಿಯುತ್ತದೆ. ಡಿಶ್ ಇದ್ದದ್ದು ಇನ್ನೊಂದು ಮೂಲೆಯಲ್ಲಿ. ಯಾರಿಗೂ ಅನುಮಾನವೇ ಬರಲಿಲ್ಲ. ಆಗಸ್ಟಿನಲ್ಲಿ ಎರಡು ದಿನ ಬಿಸಿಲು ಬಿದ್ದಾಗ ಮೇಸ್ತ್ರಿ ಹತ್ತಿ ನೋಡಿದ. ಬೋಲ್ಟಿನ ಸುತ್ತ ಕೆಂಪು ತುಕ್ಕು. ಪಕ್ಕದಲ್ಲಿ ನೀರು ಹೊಯ್ದರೆ ಗುಳುಗುಳು ಎಂದು ಒಳಗೆ ಹೋಗುತ್ತಿದೆ.

ಅಲ್ಲಿಂದ ಜಗಳ. ಯಾರೋ ಸಿಟ್ಟಿಗೆ ಡಿಶ್‌ನ ಕೇಬಲ್ ಕತ್ತರಿಸಿದರು. ಇದೂ ತಪ್ಪು, ಶುದ್ಧ ತಪ್ಪು. ಹುಡುಗ ಠಾಣೆಗೆ ಹೋದ. ಇದು ಸಿವಿಲ್ ತಕರಾರು, ವಕೀಲರ ಹತ್ತಿರ ಹೋಗಿ ಎಂದರು. ಎಲ್ಲರೂ ಒಟ್ಟಿಗೆ ನನ್ನ ಆಫೀಸಿಗೆ ಬಂದರು. ಕೂರಲು ಕುರ್ಚಿ ಸಾಲಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ. ಬರಹದಲ್ಲಿ ಏನಿದೆ? ಹುಡುಗನ ಹತ್ತಿರ ಏನೂ ಇಲ್ಲ. ಓನರ್‌ಗೆ ಫೋನ್ ಹಚ್ಚಿದರೆ, "ನಾನು ಬಾಲ್ಕನಿ ಅಂದುಕೊಂಡಿದ್ದೆ" ಎಂದರು. ಅಸೋಸಿಯೇಶನ್ನಿನ ಹತ್ತಿರವೂ ಡಿಶ್ ಬಗ್ಗೆ ಒಂದು ಸಾಲಿನ ನಿಯಮವಿಲ್ಲ.

ಅಕ್ಕೋರು ಆವರೆಗೆ ಸುಮ್ಮನೆ ಕೂತಿದ್ದರು. ಆಮೇಲೆ ಹುಡುಗನಿಗೆ, "ತಮ್ಮಾ, ನೀನು ಕೇಳಿದ್ದರೆ ನಾನೇ ಜಾಗ ತೋರಿಸುತ್ತಿದ್ದೆನಲ್ಲ" ಎಂದರು. ಅವನ ತಲೆ ತಗ್ಗಿತು. ನಾನು ಆ ಮಾತನ್ನು ಎಷ್ಟೋ ಕಡೆ ಹೇಳಿದ್ದೇನೆ. ರಿಪೇರಿ ಖರ್ಚನ್ನು ಓನರ್, ಬಾಡಿಗೆದಾರ ಅರ್ಧರ್ಧ ಕೊಟ್ಟರು. ಕೇಬಲ್ಲಿನ ಖರ್ಚು ಅಸೋಸಿಯೇಶನ್ ಕೊಟ್ಟಿತು. ಒಂದು ಅರ್ಜಿ ಸಾಕಿತ್ತು. ಒಂದೇ ಒಂದು ಹಾಳೆ!

ಕಡಲ ದಂಡೆಯಲ್ಲಿ ಇದು ಇನ್ನೂ ಗಂಭೀರ. ಇಲ್ಲಿನ ಗಾಳಿಯಲ್ಲೇ ಉಪ್ಪಿದೆ. ತೂತಿನಿಂದ ನೀರು ಇಳಿದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಅಂಥ ಗಾಳಿಗೆ ಸಡಿಲ ಡಿಶ್ ಹಾರಿ ಕೆಳಗೆ ಯಾರದೋ ತಲೆಯ ಮೇಲೆ ಬಿದ್ದರೆ ಯಾರು ಹೊಣೆ? ಪತ್ರದಲ್ಲಿ ಇದನ್ನೂ ಬರೆಯಬೇಕು.

ಒಬ್ಬರು ನನಗೆ ಮೊಬೈಲ್ ತೋರಿಸಿ, "ಡಿಶ್ ಹಾಕುವುದನ್ನು ಯಾರೂ ತಡೆಯುವಂತಿಲ್ಲ, ಕಾನೂನೇ ಇದೆ" ಎಂದರು. ಓದಿ ನೋಡಿದೆ. ಅದು ಅಮೆರಿಕದ ನಿಯಮ. 1996ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಮಾಡಿದ್ದು, 1999ರಿಂದ ಬಾಡಿಗೆದಾರರಿಗೂ ಅನ್ವಯ. ಒಂದು ಮೀಟರ್ ಅಗಲದವರೆಗಿನ ಡಿಶ್‌ಗೆ ಅವಕಾಶ. ಆದರೆ ಅಲ್ಲಿ ಕೂಡ ಬಾಡಿಗೆದಾರ ತಾನೊಬ್ಬನೇ ಬಳಸುವ ಬಾಲ್ಕನಿಗೆ, ಅಂಗಳಕ್ಕೆ ಮಾತ್ರ ಆ ರಕ್ಷಣೆ. ಎಲ್ಲರ ತಾರಸಿಗೆ, ಹೊರಗೋಡೆಗೆ ಇಲ್ಲ. ಅದನ್ನು ತಂದು ದಯವಿಟ್ಟು ಕಾರವಾರದಲ್ಲಿ, ಶಿರಸಿಯಲ್ಲಿ ವಾದ ಮಾಡಬೇಡಿ.

ಬಾಲ್ಕನಿಯಲ್ಲಿ ಇಡಬಹುದಾ ಎಂದು ಕೇಳುತ್ತೀರಿ. ಒಳ್ಳೆಯದೇ. ಅದಕ್ಕೆ ಓನರ್‌ನ ಪತ್ರ ಬೇಕು, ಡಿಶ್ ಕಂಬಿಯ ಹೊರಗೆ ಚಾಚಬಾರದು. ಆದರೆ ದಿಕ್ಕು ನೋಡಿಕೊಳ್ಳಿ. ನಮ್ಮ ಟಿವಿ ಕಂಪನಿಗಳ ಉಪಗ್ರಹಗಳು ಇಲ್ಲಿಂದ ನೋಡಿದರೆ ಪೂರ್ವ ಮತ್ತು ದಕ್ಷಿಣದ ನಡುವೆ ಇವೆ. ಡಿಡಿ ಫ್ರೀ ಡಿಶ್‌ನ ಉಪಗ್ರಹ ಆಗ್ನೇಯಕ್ಕೆ, ಸುಮಾರು 60 ಡಿಗ್ರಿ ಎತ್ತರದಲ್ಲಿ. ಸಮುದ್ರ ಕಾಣುವ ಪಶ್ಚಿಮದ ಬಾಲ್ಕನಿಯಲ್ಲಿ ಎಷ್ಟು ತಿರುಗಿಸಿದರೂ ಚಿತ್ರ ಬರುವುದಿಲ್ಲ. ಗುಡ್ಡದ ಕಡೆಯ ಬಾಲ್ಕನಿಯಾದರೆ, ಮೇಲೆ ಇನ್ನೊಬ್ಬರ ಬಾಲ್ಕನಿ ಅಡ್ಡ ಬಾರದಿದ್ದರೆ, ಬರುತ್ತದೆ. ಮೊದಲು ನೋಡಿ, ಆಮೇಲೆ ದುಡ್ಡು ಕೊಡಿ.

ಅಸೋಸಿಯೇಶನ್ನಿನ ಪದಾಧಿಕಾರಿಗಳಿಗೂ ಒಂದು ಮಾತು. "ಬಾಡಿಗೆಯವರಿಗೆ ಡಿಶ್ ಇಲ್ಲ" ಎಂದು ಬೋರ್ಡ್ ಹಾಕುವುದು ನ್ಯಾಯವಲ್ಲ. ಮಾಲೀಕರ ಡಿಶ್‌ಗಳೆಲ್ಲ ಮೇಲೆ ಸಾಲಾಗಿ ಇರುವಾಗ ಅವರೊಬ್ಬರಿಗೆ ಯಾಕೆ ಬೇಡ? ಜಾಗ ಗುರುತು ಮಾಡಿ ಕೊಡಿ. ಸ್ಲಾಬ್ ಕೊರೆಯದೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸಿಮೆಂಟ್ ಬ್ಲಾಕ್ ಹೇರಿ ನಿಲ್ಲಿಸುವ ವಿಧಾನ ಇದೆ, ಅದನ್ನೇ ಕೇಳಿ. ಬ್ಲಾಕ್ ಸಾಕಷ್ಟು ಭಾರ ಇರಲಿ. ಒಂದೇ ಕಂಪನಿಯ ಗ್ರಾಹಕರು ನಾಲ್ಕು ಮನೆಯವರಿದ್ದರೆ ನಾಲ್ಕು ಡಿಶ್ ಬೇಡ. ನಾಲ್ಕು ಕೇಬಲ್ ಹೊರಡುವ ಎಲ್‌ಎನ್‌ಬಿ, ಅಂದರೆ ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಸಾಧನ, ಸಿಗುತ್ತದೆ, ಒಂದೇ ಡಿಶ್ ಸಾಕು. ನಿಯಮವನ್ನು ಬೈಲಾದಲ್ಲಿ ಬರೆದು ಎಲ್ಲರಿಗೂ ಪ್ರತಿ ಕೊಡಿ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಮುಂಗಾರಿನ ಮೊದಲು ಗುಡುಗು ಸಿಡಿಲು ಜಾಸ್ತಿ, ಡಿಶ್‌ಗೆ ಅರ್ಥಿಂಗ್ ಮಾಡಿಸಿ. ಮನೆ ಬಿಡುವಾಗ ನೀವು ಹಾಕಿಸಿದ ಡಿಶ್ ನಿಮ್ಮದೇ, ತೆಗೆದುಕೊಂಡು ಹೋಗಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಬಾಡಿಗೆದಾರನಿಗೆ ಆ ಹಕ್ಕು ಕೊಟ್ಟಿದೆ. ಆದರೆ ಮನೆ ಖಾಲಿ ಮಾಡುವ ಮೊದಲೇ ತೆಗೆಯಬೇಕು, ಜಾಗವನ್ನು ಮೊದಲಿದ್ದ ಹಾಗೆ ಮಾಡಿ ಕೊಡಬೇಕು.

ಪತ್ರ ಹೇಗೆ ಬರೆಯುವುದು? ದೊಡ್ಡ ಭಾಷೆ ಬೇಡ. ನಿಮ್ಮ ಹೆಸರು, ಮನೆ ನಂಬರು, ಡಿಶ್ ಎಷ್ಟು ದೊಡ್ಡದು, ಎಲ್ಲಿ ಇಡುತ್ತೀರಿ, ಕೇಬಲ್ ಯಾವ ದಾರಿಯಲ್ಲಿ ಇಳಿಯುತ್ತದೆ, ಹಾನಿಯಾದರೆ ಯಾರು ಸರಿ ಮಾಡಿಸುತ್ತಾರೆ, ಬಿಡುವಾಗ ಯಾರು ತೆಗೆಯುತ್ತಾರೆ. ಕೆಳಗೆ ಓನರ್ ಸಹಿ, ಸೆಕ್ರೆಟರಿ ಸಹಿ, ತಾರೀಖು. ಓನರ್ ಮುಂಬೈಯಲ್ಲೋ ದುಬೈಯಲ್ಲೋ ಇದ್ದರೆ ವಾಟ್ಸಾಪಿನಲ್ಲಿ ಬರೆಸಿಕೊಂಡು ಪ್ರಿಂಟ್ ತೆಗೆದಿಡಿ. ಒಂದು ಪ್ರತಿ ನಿಮ್ಮ ಬಾಡಿಗೆ ಕರಾರಿನ ಜೊತೆ ಇರಲಿ. ಡಿಶ್‌ನವನು ಬಾಗಿಲಿಗೆ ಬಂದಾಗ ಆ ಪತ್ರ ಕೈಯಲ್ಲಿ ಇಲ್ಲದಿದ್ದರೆ ನಾಳೆ ಬಾ ಎಂದು ಕಳಿಸಿ.

ನಮಸ್ಕಾರ.