ಟ್ರಿಯೆಸ್ಟ್ ಬಂದರಿನಲ್ಲಿ ಕೊಡಗಿನ ಕಾಫಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಾಣಿಜ್ಯ ಓದುವ ವಿದ್ಯಾರ್ಥಿಗಳನ್ನು ಕೆಲವು ದಿನಗಳ ಮಟ್ಟಿಗೆ ಹೊರದೇಶಕ್ಕೆ ಕರೆದೊಯ್ದು, ಅಲ್ಲಿನ ವ್ಯಾಪಾರ ವ್ಯವಹಾರವನ್ನು ಕಣ್ಣಾರೆ ತೋರಿಸುವ ಕಿರು ಅಧ್ಯಯನ ಪ್ರವಾಸಗಳು ಈಗ ನಮ್ಮ ಕಡೆಯ ಕಾಲೇಜುಗಳಲ್ಲೂ ಆರಂಭವಾಗಿವೆ. ಎಂ.ಬಿ.ಎ. ಓದುತ್ತಿರುವ ನಾನು ಅಂಥದೊಂದು ಪ್ರವಾಸದಲ್ಲಿ ಇಟಲಿಯ ಈಶಾನ್ಯ ಮೂಲೆಯ ಬಂದರು ನಗರವಾದ ಟ್ರಿಯೆಸ್ಟ್‌ಗೆ ಹೋಗಿದ್ದೆ. ಸುಂಟಿಕೊಪ್ಪದ ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ, ನಮ್ಮ ಕಣದಲ್ಲಿ ಒಣಗಿದ ಕಾಫಿ ಘಾಟಿ ಇಳಿದು ಹಡಗು ಹತ್ತಿದ ಮೇಲೆ ಏನಾಗುತ್ತದೆ, ಅದರ ಬೆಲೆಯನ್ನು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಚಿಕ್ಕಂದಿನಿಂದ ಇತ್ತು. ಆ ಒಂದೇ ಪ್ರಶ್ನೆಯನ್ನು ಹಿಡಿದು ಹೋದದ್ದರಿಂದ ನನಗೆ ಈ ಪ್ರವಾಸ ಫಲಿಸಿತು ಎಂದು ನಾನು ನಂಬಿದ್ದೇನೆ.

ಭಾರತದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು. ದೇಶದ ಒಟ್ಟು ಬೆಳೆಯಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಇಲ್ಲಿಯದು. ದೇಶದ ಕಾಫಿಯ ಬಹುಪಾಲು ರಫ್ತಾಗುತ್ತದೆ; ಅದನ್ನು ಕೊಳ್ಳುವ ದೇಶಗಳ ಸಾಲಿನಲ್ಲಿ ಬಹುಕಾಲದಿಂದ ಮೊದಲ ಸ್ಥಾನ ಇಟಲಿಯದು. ಹೀಗಿರುವಾಗ ಕೊಡಗಿನ ವಿದ್ಯಾರ್ಥಿಯೊಬ್ಬಳು ಇಟಲಿಯ ಕಾಫಿ ಬಂದರನ್ನು ನೋಡುವುದೆಂದರೆ ತನ್ನದೇ ಊರಿನ ವ್ಯಾಪಾರದ ಮತ್ತೊಂದು ತುದಿಯನ್ನು ನೋಡಿದಂತೆ.

ಟ್ರಿಯೆಸ್ಟ್ ಕಾಫಿಯ ಊರಾದದ್ದು ಆಕಸ್ಮಿಕವಲ್ಲ. 1719ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆರನೆಯ ಚಾರ್ಲ್ಸ್ ಈ ಊರನ್ನು ಸುಂಕವಿಲ್ಲದ ಬಂದರೆಂದು ಘೋಷಿಸಿದ. 1918ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸಮುದ್ರದ ಹೆಬ್ಬಾಗಿಲು ಇದೇ ಆಗಿತ್ತು. ವಿಯೆನ್ನಾದ ಕಾಫಿ ಮನೆಗಳಿಗೆ ಬೀಜ ಹೋಗುತ್ತಿದ್ದದ್ದು ಇಲ್ಲಿಂದ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪೂರ್ವದ ಸರಕು ಇನ್ನೂ ಸಲೀಸಾಗಿ ಬರತೊಡಗಿತು. ವಾಣಿಜ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಸೆಳೆದದ್ದು ಬೇರೊಂದು ಸಂಗತಿ: ಜಗತ್ತಿನ ದೊಡ್ಡ ವಿಮಾ ಸಂಸ್ಥೆಗಳಲ್ಲೊಂದಾದ ಜೆನೆರಾಲಿ 1831ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಹಡಗು ಬರುವಲ್ಲಿ ಸರಕಿನ ಭಯವೂ ಬರುತ್ತದೆ, ಆ ಭಯವನ್ನು ಹಂಚಿಕೊಳ್ಳಲು ವಿಮೆ ಬರುತ್ತದೆ, ಸಾಲ ಕೊಡುವ ಬ್ಯಾಂಕು ಬರುತ್ತದೆ. ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಓದಿದ್ದೆಲ್ಲ ಇಲ್ಲಿ ಒಂದೇ ಬೀದಿಯ ಅಕ್ಕಪಕ್ಕದ ಕಟ್ಟಡಗಳಾಗಿ ನಿಂತಿವೆ.

ಹೊರಡುವ ಮುನ್ನಿನ ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಷೆಂಗೆನ್ ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು, ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಮಾಡಿಸಬೇಕು, ಮನೆಯವರ ಬ್ಯಾಂಕ್ ಪುಸ್ತಕದ ವಿವರ ಒದಗಿಸಬೇಕು. ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಹೊರಡುವವರಿಗೆ ಇವಕ್ಕೆಲ್ಲ ಓಡಾಟ ಜಾಸ್ತಿ. ಪಾಸ್‌ಪೋರ್ಟನ್ನಾದರೂ ಪದವಿಯ ಮೊದಲ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಉಗ್ರಾಣದ ವಿಚಾರ. ಬಂದರಿನ ಸುಂಕಮುಕ್ತ ವಲಯದೊಳಗೆ ಕಾಫಿಗೆಂದೇ ಮೀಸಲಾದ ದೊಡ್ಡ ಉಗ್ರಾಣಗಳಿವೆ. ಅವುಗಳಲ್ಲೊಂದರ ಒಳಗೆ ನಮ್ಮನ್ನು ಕರೆದೊಯ್ದರು. ಬ್ರೆಜಿಲ್, ವಿಯೆಟ್ನಾಂ, ಉಗಾಂಡ, ಇಥಿಯೋಪಿಯಾ ಎಂದು ಸಾಲು ಸಾಲಾಗಿ ಪೇರಿಸಿದ ಚೀಲಗಳ ನಡುವೆ ಭಾರತದ ಸೆಣಬಿನ ಚೀಲಗಳೂ ಇದ್ದವು. ಚೀಲದ ಮೈಮೇಲೆ ದೇಶದ ಹೆಸರು, ರೊಬಸ್ಟಾ ಪಾರ್ಚ್‌ಮೆಂಟ್ ಎಬಿ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ರೊಬಸ್ಟಾ ಜಾತಿಯ ಕಾಫಿ) ಎಂಬ ದರ್ಜೆ, ಬೆಳೆಯ ವರ್ಷ, ಅಂತಾರಾಷ್ಟ್ರೀಯ ಕಾಫಿ ಸಂಘಟನೆಯ ಗುರುತಿನ ಸಂಖ್ಯೆ, ಅರುವತ್ತು ಕಿಲೋ ತೂಕ ಎಲ್ಲವೂ ಮುದ್ರಿತವಾಗಿದ್ದವು. ಕೊಡಗು ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಆ ಚೀಲದೊಳಗಿನ ಬೀಜ ನಾಪೋಕ್ಲಿನದೋ ಸಿದ್ದಾಪುರದ್ದೋ ಅಥವಾ ಗಡಿ ದಾಟಿ ವಯನಾಡಿನದೋ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕಾಫಿಯ ಸಿಪ್ಪೆ ತೆಗೆದು ದರ್ಜೆ ಮಾಡುವ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನೂರಾರು ಮನೆಗಳ ಕಾಫಿ ಒಂದಾಗಿ ಬೆರೆತು, ಗಾತ್ರದ ಜರಡಿಯಲ್ಲಿ ಇಳಿದು ಬೇರೆಯಾದ ಮೇಲೆ ಊರಿನ ಗುರುತು ಉಳಿಯುವುದಾದರೂ ಹೇಗೆ? ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆದರೆ ಆ ಗುರುತು ಚೀಲದ ಮೇಲೆ ಕಾಣಬೇಕಾದರೆ ತೋಟದಿಂದ ಬಂದರಿನವರೆಗೆ ಆ ಕಾಫಿಯನ್ನು ಬೇರೆಯಾಗಿಯೇ ಸಾಗಿಸಬೇಕು, ಅದಕ್ಕೆ ಖರ್ಚಿದೆ. ನಮ್ಮ ಹೆಚ್ಚಿನ ಬೆಳೆ ರೊಬಸ್ಟಾ ಎಂಬುದನ್ನೂ ಮರೆಯುವಂತಿಲ್ಲ. ಗುರುತು ಪಡೆದುದಕ್ಕೆ ಸಂತೋಷಪಟ್ಟ ನಾವು ಅದನ್ನು ಬಳಕೆಗೆ ತರುವ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಉಗ್ರಾಣದ ಅಧಿಕಾರಿ ಇನ್ನೊಂದು ವಿಷಯ ತಿಳಿಸಿದರು. ರೊಬಸ್ಟಾದ ವಾಯಿದೆ ವ್ಯಾಪಾರ, ಅಂದರೆ ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರ, ನಡೆಯುವುದು ಲಂಡನ್ನಿನ ವಿನಿಮಯ ಕೇಂದ್ರದಲ್ಲಿ. ಅಲ್ಲಿ ಒಂದು ಲಾಟ್ ಎಂದರೆ ಹತ್ತು ಟನ್, ಬೆಲೆ ಟನ್ನಿಗೆ ಇಷ್ಟು ಡಾಲರ್ ಎಂದು. ಅರೇಬಿಕಾ ನ್ಯೂಯಾರ್ಕಿನದು, ಅಲ್ಲಿಯ ಲೆಕ್ಕ ಪೌಂಡಿಗೆ ಇಷ್ಟು ಸೆಂಟ್ ಎಂದು. ಲಂಡನ್ನಿನ ಕೇಂದ್ರ ಮಾನ್ಯತೆ ಕೊಟ್ಟ ಬಂದರುಗಳಲ್ಲಿ ಟ್ರಿಯೆಸ್ಟ್ ಸಹ ಒಂದು. ಈ ಬಂದರುಗಳಲ್ಲಿರುವ ಪ್ರಮಾಣಿತ ದಾಸ್ತಾನು ಕರಗತೊಡಗಿದರೆ ಬೆಲೆ ಏರತೊಡಗುತ್ತದೆ. 2024ರಲ್ಲಿ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟಿದ್ದು ನಮಗೆಲ್ಲ ನೆನಪಿದೆ. ವಿಯೆಟ್ನಾಮಿನಲ್ಲಿ ಬರ ಬಿದ್ದಿತ್ತು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ ಏಷ್ಯಾದ ಸರಕು ಸೂಯೆಜ್ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಾಗಿತ್ತು. ಆ ವರ್ಷ ಚೆರಿಯ, ಅಂದರೆ ಸಿಪ್ಪೆ ಸಹಿತ ಒಣಗಿಸಿದ ಕಾಫಿ ಹಣ್ಣಿನ, ಬೆಲೆ ಏರಿದಾಗ ನಮ್ಮ ಊರಿನ ಅಂಗಡಿ ಜಗಲಿಗಳಲ್ಲಿ ನಾನಾ ಕಾರಣಗಳು ಚರ್ಚೆಯಾಗಿದ್ದವು. ನಿಜವಾದ ಕಾರಣಗಳು ಸೆಂಟ್ರಲ್ ಹೈಲ್ಯಾಂಡ್ಸ್ ಎಂಬ ವಿಯೆಟ್ನಾಮಿನ ಎತ್ತರದ ನಾಡಿನಲ್ಲೂ ಯೆಮೆನ್ ಕರಾವಳಿಯಲ್ಲೂ ಇದ್ದವು.

ಈ ಲಂಡನ್ ಬೆಲೆಗೂ ನಮ್ಮ ಐವತ್ತು ಕಿಲೋ ಚೀಲದ ಬೆಲೆಗೂ ಇರುವ ಸಂಬಂಧವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಉದಾಹರಣೆಗೆ ಲಂಡನ್ನಿನಲ್ಲಿ ಟನ್ನಿಗೆ 4000 ಡಾಲರ್ ಇದೆ, ಡಾಲರ್ ಒಂದಕ್ಕೆ 85 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಸಿಪ್ಪೆ ತೆಗೆದ ಬೀಜದ ಬೆಲೆ ಕಿಲೋಗೆ 340 ರೂಪಾಯಿ ಆಯಿತು. ನಿಮ್ಮ ಚೆರಿಯ ಔಟ್‌ಟರ್ನ್ 26 ಬಂದರೆ, ಅಂದರೆ ಐವತ್ತು ಕಿಲೋ ಚೆರಿಯಿಂದ 26 ಕಿಲೋ ಬೀಜ ಸಿಕ್ಕರೆ, ಚೀಲದ ಬೆಲೆ 8,840 ರೂಪಾಯಿ. ಇದರಿಂದ ಕ್ಯೂರಿಂಗ್, ಸಾಗಣೆ, ವ್ಯಾಪಾರಿಯ ಲಾಭ ಕಳೆಯಬೇಕು. ಭಾರತದ ಕಾಫಿಗೆ ಲಂಡನ್ ಬೆಲೆಗಿಂತ ಮೇಲೆ ಸಿಗುವ ಹೆಚ್ಚುವರಿಯನ್ನು ಕೂಡಿಸಬೇಕು. ಈ ಹೆಚ್ಚುವರಿ ಏಕೆ ಸಿಗುತ್ತದೆ ಎಂದರೆ, ನಾವು ನೆರಳಿನಲ್ಲಿ ಬೆಳೆಯುತ್ತೇವೆ, ಹಣ್ಣನ್ನು ಕೈಯಲ್ಲಿ ಕುಯ್ಯುತ್ತೇವೆ, ರೊಬಸ್ಟಾವನ್ನೂ ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಸುಲಿದು) ತೊಳೆದು ಪಾರ್ಚ್‌ಮೆಂಟ್ ಮಾಡುತ್ತೇವೆ. ರೊಬಸ್ಟಾಕ್ಕೆ ಇಷ್ಟು ಆರೈಕೆ ಮಾಡುವ ದೇಶಗಳು ಕಡಿಮೆ. ಎಸ್ಪ್ರೆಸೊ ಮೇಲಿನ ಹೊಂಬಣ್ಣದ ನೊರೆಗೂ ಬಾಯಲ್ಲಿ ತುಂಬಿಕೊಳ್ಳುವ ದಪ್ಪಕ್ಕೂ ಇಟಲಿಯ ಅನೇಕ ಹುರಿಯುವವರು ಇಂಥ ರೊಬಸ್ಟಾವನ್ನೇ ಹುಡುಕುತ್ತಾರೆ.

ರುಚಿ ನೋಡುವ ಕೋಣೆಯಲ್ಲಿ ಕಳೆದ ಮಧ್ಯಾಹ್ನ ನನ್ನ ಪಾಲಿಗೆ ಇಡೀ ಪ್ರವಾಸದ ಅತ್ಯಂತ ಬೆಲೆಯುಳ್ಳ ಹೊತ್ತು. ಹದವಾಗಿ ಹುರಿದು ಪುಡಿ ಮಾಡಿದ ಕಾಫಿಯನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಹೊಯ್ದು, ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆಯನ್ನು ಚಮಚದಿಂದ ಒಡೆದು ಮೊದಲು ವಾಸನೆ, ಆಮೇಲೆ ರುಚಿ ನೋಡುತ್ತಾರೆ. ಒಂದು ಬಟ್ಟಲಲ್ಲಿ ಮುಗ್ಗಲು ವಾಸನೆ ಇತ್ತು. ಸಾಕಷ್ಟು ಒಣಗದೆ ಇದ್ದದ್ದು, ಅಥವಾ ಒಣಗಿದ ಮೇಲೆ ಮತ್ತೆ ನೆನೆದದ್ದು ಎಂದು ರುಚಿ ಪರಿಣತರು ವಿವರಿಸಿದರು. ಡಿಸೆಂಬರ್, ಜನವರಿಯಲ್ಲಿ ಅಕಾಲ ಮಳೆ ಬಂದಾಗ ಅಪ್ಪ, ಅವ್ವ, ಕೆಲಸದವರು ಎಲ್ಲರೂ ಟಾರ್ಪಾಲು ಹಿಡಿದು ಕಣಕ್ಕೆ ಓಡುವುದರ ಅರ್ಥ ನನಗೆ ಆ ಬಟ್ಟಲಿನ ಮುಂದೆ ಪೂರ್ತಿಯಾಗಿ ತಿಳಿಯಿತು. ಒದ್ದೆ ಕಾಫಿಯಲ್ಲಿ ಬೆಳೆಯುವ ಶಿಲೀಂಧ್ರದಿಂದ ಓಕ್ರಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಯುರೋಪಿನಲ್ಲಿ ಅದಕ್ಕೆ ಕಾನೂನಿನ ಮಿತಿ ಇದೆ. ಮಣ್ಣಿನ ನೆಲ ಬಿಟ್ಟು ಸಿಮೆಂಟಿನ ಕಣದಲ್ಲಿ ಒಣಗಿಸಿ ಎಂದು ಕಾಫಿ ಮಂಡಳಿಯವರು ದಶಕಗಳಿಂದ ಹೇಳುತ್ತಿರುವುದರ ಫಲವನ್ನು ಅಳೆಯುವ ಕೋಣೆ ಇದು.

ಅಲ್ಲಿಯ ಬಾರ್‌ಗಳಲ್ಲಿ, ಅಂದರೆ ಕಾಫಿ ಅಂಗಡಿಗಳಲ್ಲಿ, ಜನರು ನಿಂತುಕೊಂಡೇ ಎಸ್ಪ್ರೆಸೊ ಕುಡಿದು ಹೋಗುತ್ತಾರೆ. ಒಂದು ಬಟ್ಟಲಿಗೆ ಸುಮಾರು ಏಳು ಗ್ರಾಂ ಪುಡಿ, ಬೆಲೆ ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯಿಂದ ಮೇಲೆ. ಹುರಿದಾಗ ಐದರಲ್ಲೊಂದು ಪಾಲಿನಷ್ಟು ತೂಕ ಕಳೆದರೂ ಒಂದು ಕಿಲೋ ಬೀಜದಿಂದ ನೂರಕ್ಕೂ ಹೆಚ್ಚು ಬಟ್ಟಲು ಆಗುತ್ತದೆ. ಕಿಲೋಗೆ 340 ರೂಪಾಯಿಯ ಸರಕು ಹತ್ತು ಸಾವಿರ ದಾಟಿತು ಎಂದು ಯಾರಿಗಾದರೂ ಹೊಟ್ಟೆ ಉರಿಯಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ತರಗತಿಯಲ್ಲಿ ಒಂದು ಅಂಗಡಿಯ ಮಾದರಿ ಲೆಕ್ಕಪತ್ರ ಮುಂದಿಟ್ಟು ಬಾಡಿಗೆ, ಸಂಬಳ, ಯಂತ್ರ, ವಿದ್ಯುತ್, ತೆರಿಗೆ ಎಲ್ಲವನ್ನೂ ಬಿಡಿಸಿ ನೋಡಿದಾಗ ಕಾಫಿ ಬೀಜ ಅದರಲ್ಲಿ ಬಹಳ ಸಣ್ಣ ಪಾಲೆಂದು ಕಂಡಿತು. ಬೀಜದ ಬೆಲೆ ಇಮ್ಮಡಿಯಾದರೂ ಬಟ್ಟಲಿನ ಬೆಲೆ ಅಲ್ಪವೇ ಏರಬೇಕಾಗುತ್ತದೆ. ಬೆಳೆಗಾರನಿಗೆ ಹೆಚ್ಚು ಕೊಡಲು ಜಾಗವಿದೆ ಎಂದೇ ಈ ಲೆಕ್ಕ ಹೇಳುತ್ತದೆ. ಆ ಜಾಗವನ್ನು ಕೇಳಿ ಪಡೆಯಲು ಬೆಳೆಗಾರನ ಕಡೆಯವರಿಗೆ ವ್ಯಾಪಾರದ ಭಾಷೆ ಬರಬೇಕು.

ಸ್ಥಳೀಯ ವಿದ್ಯಾರ್ಥಿಗಳ ಜೊತೆ ನಮ್ಮನ್ನು ತಂಡಗಳಾಗಿ ಬೆರೆಸಿ, ತೊಳೆದ ರೊಬಸ್ಟಾವನ್ನು ಯುರೋಪಿಗೆ ಮಾರುವ ಪ್ರಸ್ತಾಪ ತಯಾರಿಸಲು ಹೇಳಿದರು. ನನ್ನ ತಂಡದ ಇಟಲಿಯ ಹುಡುಗಿ ಕೇಳಿದ ಮೊದಲ ಪ್ರಶ್ನೆ ರುಚಿಯದೂ ಅಲ್ಲ, ಬೆಲೆಯದೂ ಅಲ್ಲ: ತೋಟದ ಅಕ್ಷಾಂಶ ರೇಖಾಂಶ ಇದೆಯೇ? ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಳತೆಯ ಗೆರೆ, ಸಣ್ಣದಾದರೆ ಒಂದು ಬಿಂದು, ಹೀಗೆ ಬೆಳೆದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಕಾನೂನನ್ನು ಜಾರಿ ಮಾಡುವ ದಿನವನ್ನು ಮುಂದೂಡಲಾಗಿದ್ದರೂ ಕೊಳ್ಳುವವರು ಆಗಲೇ ಈ ವಿವರ ಕೇಳತೊಡಗಿದ್ದರು.

ಹಲಸು, ನಂದಿ, ಬೀಟೆ ಮರಗಳ ನೆರಳಿನಲ್ಲಿ ತಲೆಮಾರುಗಳಿಂದ ಕಾಫಿ ಬೆಳೆಯುತ್ತ ಬಂದ ಕೊಡಗಿಗೆ ಈ ಕಾನೂನು ಅನುಕೂಲವಾಗಿಯೇ ಇರಬೇಕಿತ್ತು ಎಂದು ನಾನು ನನ್ನ ತಂಡಕ್ಕೆ ವಿವರಿಸಿದೆ. ತೊಡಕು ಇರುವುದು ಕಾಗದದಲ್ಲಿ. ಕಾನೂನು ಭೂಮಿಯ ಮೇಲಿನ ಹಕ್ಕಿನ ದಾಖಲೆಯನ್ನೂ ಕೇಳುತ್ತದೆ. ನಮ್ಮ ಜಮ್ಮಾ ಬಾಣೆ, ಅಂದರೆ ವಂಶಪಾರಂಪರ್ಯವಾಗಿ ಬಂದ, ಜಮೀನುಗಳ ಪಹಣಿ ಎಷ್ಟೋ ಕಡೆ ಇಂದಿಗೂ ತೀರಿಹೋದ ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನಲ್ಲಿದೆ. ಮನೆತನದ ಮೂಲ ಮನೆಯಾದ ಐನ್‌ಮನೆಯ ಹತ್ತಾರು ಪಾಲುದಾರರು ತಮ್ಮ ತಮ್ಮ ಪಾಲನ್ನು ಒಳಗೊಳಗೇ ಹಂಚಿಕೊಂಡು ಕೃಷಿ ಮಾಡುತ್ತಿರುತ್ತಾರೆ. ಇದನ್ನು ಹೊರದೇಶದವರಿಗೆ ತಿಳಿಯುವಂತೆ ಹೇಳಲು ನಾನು ಕಾಗದದ ಮೇಲೆ ಒಂದು ಒಕ್ಕದ (ಮನೆತನದ) ವಂಶವೃಕ್ಷವನ್ನೇ ಬರೆದು ತೋರಿಸಬೇಕಾಯಿತು. ಅವರು ಬಹಳ ಆಸಕ್ತಿಯಿಂದ ಕೇಳಿಸಿಕೊಂಡರು. ನಮ್ಮ ತಂಡದ ಪ್ರಸ್ತಾಪದಲ್ಲಿ ದಾಖಲೆ ಸರಿಪಡಿಸುವ ವೆಚ್ಚವನ್ನು ಒಂದು ಪ್ರತ್ಯೇಕ ಬಾಬ್ತಾಗಿ ಸೇರಿಸಿದೆವು, ಮತ್ತು ಅದನ್ನು ಕೊಳ್ಳುವವರೂ ಸ್ವಲ್ಪ ಹೊರಬೇಕು ಎಂದು ವಾದಿಸಿದೆವು. ನಮ್ಮ ಅಧ್ಯಾಪಕರು ಮೆಚ್ಚಿದ ಭಾಗ ಅದೇ.

ಊರು, ಊಟ, ಬೋರಾ ಎಂದು ಕರೆಯುವ ಅಲ್ಲಿನ ಬಿರುಸಾದ ಚಳಿಗಾಳಿ, ಸಮುದ್ರದ ಕಡೆಗೆ ತೆರೆದುಕೊಂಡ ಆ ಭವ್ಯವಾದ ಚೌಕ, ಇವೆಲ್ಲ ಚೆನ್ನಾಗಿದ್ದವು. ಅವುಗಳ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು.

ಹಿಂದಿರುಗಿದ ಮೇಲೆ ನನ್ನನ್ನು ಕಾಡುತ್ತಿರುವ ವಿಚಾರವೊಂದಿದೆ. ಕೊಡಗಿನಲ್ಲಿ ಬಿ.ಕಾಂ. ಓದುವ ನೂರಾರು ವಿದ್ಯಾರ್ಥಿಗಳು ಕಾಫಿಯ ದುಡ್ಡಿನಲ್ಲೇ ಶುಲ್ಕ ಕಟ್ಟುತ್ತಾರೆ. ಆದರೂ ವಾಯಿದೆ ಬೆಲೆಯ ಪಟ್ಟಿ ಓದುವುದನ್ನು, ಹಡಗಿನ ಸರಕುಪತ್ರ ಹೇಗಿರುತ್ತದೆಂಬುದನ್ನು, ಔಟ್‌ಟರ್ನ್ ಲೆಕ್ಕವನ್ನು ತರಗತಿಯಲ್ಲಿ ಕಲಿತವರನ್ನು ನಾನು ಕಂಡಿಲ್ಲ. 1990ರ ದಶಕದ ಮಧ್ಯಭಾಗದವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಾಗಿತ್ತು. ಮಾರುವ ಚಿಂತೆ ಮಂಡಳಿಯದಾಗಿತ್ತು. ಮುಕ್ತ ಮಾರುಕಟ್ಟೆ ಬಂದು ಒಂದು ತಲೆಮಾರು ಕಳೆದಿದೆ. ಯಾವಾಗ ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂಬ ತೀರ್ಮಾನ ಈಗ ಪ್ರತಿ ಮನೆಯದು. ಎಲ್ಲರನ್ನೂ ಇಟಲಿಗೆ ಕಳಿಸಲಾಗದು, ಬೇಕಾಗಿಯೂ ಇಲ್ಲ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ ನಮ್ಮ ಕಾಲೇಜುಗಳಿಂದ ಬಸ್ಸಿನ ದಾರಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇನ್ನೂ ಹತ್ತಿರ. ಮಂಗಳೂರಿನ ಬಂದರನ್ನು ನೋಡಿ ಅದೇ ದಿನ ಮರಳಬಹುದು. ಈ ಮೂರನ್ನೂ ನೋಡಿ, ಒಂದು ಚೀಲದ ಲೆಕ್ಕವನ್ನು ಕಣದಿಂದ ಹಡಗಿನವರೆಗೆ ಬರೆದು ತರುವ ಕೆಲಸವನ್ನು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಕೊಡಬೇಕೆಂದು ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆ.

ನನ್ನ ಮಟ್ಟಿಗೆ, ನಮ್ಮ ಮನೆಯ ತೋಟದ ಬಿಂದುವನ್ನು ಫೋನಿನಲ್ಲೇ ಗುರುತಿಸಿ ಪಹಣಿಯ ಜೊತೆ ಸೇರಿಸಿಟ್ಟಿದ್ದೇನೆ. ಈಗ ಅಕ್ಕಪಕ್ಕದ ಸಣ್ಣ ತೋಟಗಳ ಗುರುತು ಮಾಡುತ್ತಿದ್ದೇವೆ; ಕುಯ್ಲು ಶುರುವಾಗುವುದರೊಳಗೆ ನಮ್ಮ ಗ್ರಾಮದ್ದು ಮುಗಿಸಬೇಕೆಂದಿದ್ದೇವೆ.

ನಮಸ್ಕಾರ.